ಬಾಕಿ ಎಂಟಾಣೆ

ಲಿಲಾವ ಮುಗಿಸಿಕೊಂಡು
ಅಕ್ಕಲಕೋಟಿ ಸ್ಟ್ಯಾಂಡಿನ ಹಿಂದ ತಟ್ಟು ಹಾಸಿ
ಪಲ್ಲೆಕ್ಕ ನೀರು ಚಿಮುಕಿಸೂದರೊಳಗ
ಗುರುಬಾಯಿ ಬಂದ ನಿಂತಿರತಾಳ.
ಕೈಯಾಗ ಸೊಲ್ಲಾಪುರದ ಡಾಕ್ಟರ ಚೀಟಿ,
ನಾಕ ಮಡಿಕಿ, ಮಡಿಕಿ ಕೂಡಿದಲ್ಲಿ ಹರದದ.
ಮರಾಠಿ ಅಕ್ಷರ ಆಕಿಗೆ ಬರೂದುಲ್ಲ,
ನನಗ ಅರ್ಧಾ ಬರತದ.

ಹಸರ ಪಲ್ಲೆ, ದಿನಾ. ಕಾಳು. ಅರಿಷಿಣ.
ಅಗಸಿ, ಹುರದು ಕುಟ್ಟಿದ್ದು.
ಅಕ್ರೋಡ...
ಅಕ್ರೋಡ ಅಂದಕೂಡಲೆ ಇಬ್ಬರೂ ನಕ್ಕಿವಿ.
ಒಡದರ ಒಳಗ ಮೆದುಳಿನಂಗ ಇರತದಂತ,
ರೇಟ ಕೇಳಿದರ ನಮ್ಮ ಮೆದುಳ ನಿಂದರತದ.
'ಶೇಂಗಾ ನಡೀತದೇನ ಮೈನಾಬಿ?'
ಗಳಿಗಿ ಹೊತ್ತು ನಾನ ಡಾಕ್ಟರ ಆಗಿ
'ನಡೀತದ' ಅಂದೆ.

ಆಕಿ ಸೆರಗಿನ ಹಿಂದ ಮಳಸಿದ್ದ ಕಂಡಕ್ಟರ.
ಮೂವತ್ತೊಂದ ವರ್ಷ ಎಸ್ಟಿ.
ಕುಂಭಾರಿ, ವಳಸಂಗ, ಅಕ್ಕಲಕೋಟಿ, ಮೈಂದರಗಿ, ದುಧನಿ,
ಯಾವ ಊರಿಂದ ಯಾವ ಊರಿಗೆ ಎಷ್ಟ ರೊಕ್ಕ,
ಹುಡುಗರಿಗೆ ಅರ್ಧ, ಆಡಿನ ಮರಿಗೆ ಎಷ್ಟು,
ಕಾಗದಾ ನೋಡದ ಹೇಳತಿದ್ದ.
ಈಗ ಹಾಸಿಗಿಯಿಂದ ಬಚ್ಚಲಕ್ಕ ಎರಡ ಸ್ಟಾಪು,
ನಡುವ ಎಲ್ಲರೆ ಇಳದಬಿಡತಾನ.

'ಒಂದ ಕೇಳತೀನಿ' ಅಂದಳು ಗುರುಬಾಯಿ,
ಮೆಂತೆ ಸಿವುಡಿನ ಬೇರು ಜಾಡಿಸಿಕೋತ.
'ಇದೇನ ಹೊಸಾದs?
ಹಕ್ಕರಿಕಿ ರೊಟ್ಟಿ, ಪುಂಡಿ ಪಲ್ಲೆ, ಅಗಸಿ ಹಿಂಡಿ,
ಹಲ್ಲ ಬಂದಾಗಿಂದ ಇದನ್ನs ತಿಂದಾನ.
ಹಂಗಿದ್ದರ ಮತ್ಯಾಕ ಬಂತು?'

ಅದಕ್ಕ ನನ್ನ ತಕ್ಕಡ್ಯಾಗ ಕಲ್ಲಿಲ್ಲ.
ಡಾಕ್ಟರಿಗೂ ಕೇಳ್ಯಾಳಂತ.
'ಬಾಯಿ, ಹೋದದ್ದು ಹೊಳ್ಳಿ ಬರೂದುಲ್ಲ.
ತಡಿಯೂದುಲ್ಲ, ತಡಾ ಆದೀತು.
ಅದೂ ಆದರ ಆದೀತು' ಅಂದನಂತ.

ತಡಾ.
ಇದs ಸ್ಟ್ಯಾಂಡಿನಾಗ, ಇದs ಬೇವಿನ ಬುಡಕ
ಬಸ್ಸು ತಡಾ ಆತಂದರ ಅವನ ಹಡದವ್ವನ ತನಕ ಬೈದೀವಿ.
ಈಗ ಆಕಿ ದಿನಾ ಹತ್ತ ರೂಪಾಯಿ ಕೊಟ್ಟು
ತಡಾ ಒಯ್ಯತಾಳ, ಚೀಲದಾಗ,
ಬಾಡಬಾರದಂತ ಮ್ಯಾಲ ಹಸಿ ಅರಿವಿ ಹೊಚ್ಚಿ.

ನಿನ್ನೆ ಏನಾತಂದರ,
ಆಂವ ಅಂಗಿ ಕಿಸೆದಿಂದ ಪಂಚು ತಗದ.
ಮಶೀನ ಬಂದಮ್ಯಾಲ ಡೆಪೋದವರು ಕೇಳೂದು ಮರತದ್ದು,
ಆಂವ ಕೊಡೂದು ಮರತದ್ದು.
ಟಕ್ ಟಕ್ ಅಂತ ನನ್ನ ಪುಟ್ಟಿ ಕಂಠಕ್ಕ ಬಡದು
'ಎಲ್ಲಿಗೆ?' ಅಂದ.
ಗುರುಬಾಯಿ ಕೈ ಹಿಡ್ಯಾಕ ಬಂದಳು, ನಾ ಕಣ್ಣಸನ್ನಿ ಮಾಡಿದೆ.
'ದುಧನಿ' ಅಂದೆ. ನನ್ನ ತವರ ಅದು.

ಹಕ್ಕರಿಕಿ ಸಿವುಡಿನಿಂದ ಒಂದೊಂದs ಎಲಿ ಹಿರದು
ಆಂವ ತೂತ ಹೊಡದ. ಒಂದು. ಎರಡು.
ಮಂದಿ ನಿಂತ ನೋಡಾಕ ಹತ್ತಿತು.
ಒಂದ ಎಲಿ ನನ್ನ ಅಂಗೈಯಾಗ ಇಟ್ಟು
ಮಾರಿ ನೋಡಿದ, ಭಾಳ ಹೊತ್ತ ನೋಡಿದ.
'ನೀವು ಬಾಗವಾನರ ಸೊಸಿ ಅಲ್ಲೇನ?
ಹಸರ ಬಳಿ, ಕಿಡಕಿ ಬಾಜೂಕ ಕುಂತು ಅಳತಿದ್ದಿರಿ.
ಎಂಟಾಣೆ ಬಾಕಿ ಅದ ನಿಮ್ಮದು.'

ಅತ್ತಿದ್ದು ನೆನಪದ.
ಬಳಿ ನೆನಪದ, ಮೈಂದರಗಿ ಬರೂತನಕ
ಮೂರು ಒಡದಿದ್ದವು.
ಎಂಟಾಣೆ ನೆನಪಿಲ್ಲ.
ಖರೇನೋ, ಬ್ಯಾರೆ ಯಾರದೋ ಲೆಕ್ಕ
ನನ್ನ ಮಾರಿಗೆ ಹಚ್ಚಿದನೋ,
ಯಾರನ್ನ ಕೇಳಲಿ?
ಹೆಂಡತಿ ಹೆಸರ ಕೇಳಿದರ 'ಅವರು ಇಳದರಲ್ಲ' ಅನ್ನಾಂವ.

ಗುರುಬಾಯಿ ಸೆರಗಿನ ಗಂಟ ಬಿಚ್ಚಿ
ರೂಪಾಯಿ ತಗದಳು. ಎಂಟಾಣೆ ಈಗ ಎಲ್ಲಿ ಅವ?
'ಬ್ಯಾಡಕ್ಕ, ಇರಲಿ.
ಬಾಕಿ ಅದ ಅಂದರ ನಾಳೆ ಬರತಾನ.'

ಅವರು ಹೋದರು. ಬಿಸಲ ಏರಿತು.
ತೂತಿನ ಎಲಿಯೆಲ್ಲಾ ಸಿವುಡಿನಾಗ ಹಂಗs ಉಳದಿದ್ದವು.
ಮಾಸ್ತರ ಹೆಂಡತಿ ಎತ್ತಿ ನೋಡಿ
'ಹುಳಾ ತಿಂದದಲ್ಲವಾ' ಅಂದಳು.
'ಹುಳಾ ಅಲ್ಲರಿ' ಅಂದೆ,
'ಟಿಕೇಟ ಆಗ್ಯಾವು.'
ಆಕಿ ಎರಡ ರೂಪಾಯಿ ಕಡಿಮಿ ಕೊಟ್ಟಳು.