ಹಿಂಜುವ ಕೋಣೆಯಲ್ಲಿ ದುಲ್ಮಾ

ಉಲಾನ್‌ಬಾತರಿನ ಜನವರಿ.
ಹೊರಗೆ ಸೊನ್ನೆಗೂ ಮೂವತ್ತೆರಡು ಮೆಟ್ಟಿಲು ಕೆಳಗೆ.
ಗಾಳಿಯಲ್ಲಿ ನೀರಿನ ಹೆಸರಿಲ್ಲ.
ಬಾಗಿಲ ಹಿಡಿಕೆ ಮುಟ್ಟಿದರೆ ಚಟ್,
ಚಹಾದ ಲೋಟ ಕೈಯಿಂದ ಕೈಗೆ ದಾಟಿದರೆ ಚಟ್.
ಹತ್ತೊಂಬತ್ತು ಚಳಿಗಾಲ
ಬೆರಳ ತುದಿಯಲ್ಲಿ ಮರಿಸಿಡಿಲು ಸಾಕಿಕೊಂಡೇ
ಉಣ್ಣೆ ಹಿಂಜಿದವಳು ದುಲ್ಮಾ.

ಮೇಕೆಯ ಒಳಮೈಯ ನವುರು ಅದು,
ಗೋಬಿಯ ವಸಂತದಲ್ಲಿ ಯಾರೋ ಮೊಣಕಾಲೂರಿ ಬಾಚಿ ತೆಗೆದದ್ದು.
ಯಂತ್ರದ ಹಲ್ಲುಗಳ ನಡುವೆ ಹಾದು ಬಂದರೆ
ಮುಖ ನೋಡದ ದಾಯಾದಿಗಳ ಹಾಗೆ
ಎಳೆಗೆ ಎಳೆ ಸೇರದು.
ಏಳುವುದು, ಹಾರುವುದು, ಉರುಳೆಗೆ ಸುತ್ತುವುದು,
ಅವಳ ತೋಳು, ಹುಬ್ಬು, ತುಟಿಯಂಚು,
ಬೇಡದ ಕಡೆಯೆಲ್ಲ ನೆಂಟಸ್ತನ.

ಹಳಬರು ನೆಲಕ್ಕೆ ನೀರು ಚಿಮುಕಿಸಿದರು,
ಒದ್ದೆ ಗೋಣಿ ನೇತುಹಾಕಿದರು.
ಗಂಟೆಯೊಳಗೆ ಗೋಣಿ ಒಣಗಿ ಸೆಟೆದು
ತಾನೂ ಚಟ್ ಅಂದಿತು.

ಆಮೇಲೆ ಬಂತು ಈ ಪಟ್ಟಿ.
ಎರಡು ಮೀಟರ್ ಉದ್ದ, ಒಡಲ ತುಂಬ ಸೂಜಿ.
ಉಣ್ಣೆಯ ಮೇಲೆ ನಾಲ್ಕು ಬೆರಳು ಬಿಟ್ಟು ತೂಗುತ್ತ
ಒಗ್ಗರಣೆಯ ಎಣ್ಣೆ ಸಾಸಿವೆಗೆ ಕಾಯುವ ಸದ್ದಿನಲ್ಲಿ
ಗಾಳಿಯನ್ನೇ ಒಡೆದು ಚೂರು ಉದುರಿಸುವುದು.
ಜೋಡಿಸಲು ಬಂದ ತುಮೆನ್‌ಜರ್ಗಲ್
ಹಲಗೆಯ ಮೇಲೆ ಎರಡು ಗುರುತು ಬರೆದು ತೋರಿಸಿದ.
ಅವರ ನುಡಿಯಲ್ಲಿ ಅವು ಕೂಡುವುದು, ಕಳೆಯುವುದು.
ನನ್ನ ನುಡಿಯಲ್ಲಿ ಧನ, ಋಣ.
ಯಾವ ಎಳೆಗೆ ಯಾವುದು ಬಾಕಿಯೋ ಅದನ್ನು ಸಂದಾಯ ಮಾಡಿ
ಸುಮ್ಮನಾಗಿಸುವ ಗಾಳಿ.

ಸ್ವಿಚ್ಚು ಒತ್ತಿದಾಗ
ಎದ್ದು ನಿಂತಿದ್ದ ಉಣ್ಣೆ
ಮಲಗಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ದುಲ್ಮಾ ತೋಳು ಕೊಡವಿಕೊಂಡಳು, ರೂಢಿಯಿಂದ.
ತೋಳಿನಲ್ಲಿ ಏನೂ ಇರಲಿಲ್ಲ.

ಈಗ ಪ್ರತಿ ಶನಿವಾರ ಅವಳದೇ ಪಾಳಿ.
ವಿದ್ಯುತ್ ಕಡಿದು, ಸ್ಪಿರಿಟ್ಟಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ
ಒಂದೊಂದೇ ಸೂಜಿಯ ಬಿಳಿ ಹುಡಿ ಉಜ್ಜುವಳು.
ಮೊನೆ ಮಂಕಾದರೆ ಉಣ್ಣೆಗೆ ಹಳೆಯ ಜಗಳ ನೆನಪಾಗುತ್ತದೆ.
ನೂರ ಹದಿನಾಲ್ಕು ಸೂಜಿ. ಎಣಿಕೆ ತಪ್ಪಿದರೆ ಮೊದಲಿನಿಂದ.

ರಾತ್ರಿ, ಕಲ್ಲಿದ್ದಲ ಹೊಗೆಯ ಕೆಳಗೆ, ಮನೆಯಲ್ಲಿ
ಮೊಮ್ಮಗಳು ಸೊಲೊಂಗೊ ದೀಪ ಆರಿಸುತ್ತಾಳೆ.
ಕಂಬಳಿ ಮುಂದೆ ತಳ್ಳುತ್ತಾಳೆ:
ಅಜ್ಜೀ, ಮಾಡು.

ದಿನವಿಡೀ ಕಿಡಿ ಸಾಯಿಸಿ ಬಂದ ಕೈ
ಕತ್ತಲಲ್ಲಿ ಕಂಬಳಿಯನ್ನು ಗಸಗಸ ಉಜ್ಜುತ್ತದೆ.
ನೀಲಿ, ಮತ್ತೊಂದು ನೀಲಿ.
ಮಗು ಬೆರಳು ಚಾಚುತ್ತದೆ,
ದುಲ್ಮಾ ಬೆರಳು ಚಾಚುತ್ತಾಳೆ.

ಚಟ್.

ಇಬ್ಬರೂ ನಗುತ್ತಾರೆ. ನಾಳೆ ಶನಿವಾರ.
ಬ್ರಷ್ ಕೋಟಿನ ಜೇಬಿನಲ್ಲೇ ಇದೆ.