ಏಳೋವಾಗಿನ ಮಾತು

ಸೂಪರ್ ಮಾರ್ಕೆಟ್ ಸಿಟಿ ಬಸ್ಸಿನಾಗ
ಎರಡು ಜಡಿ ಹಾಕಿದ ಹುಡುಗಿ ಎದ್ದು ನಿಂತು
"ಆಯಿ, ಕುಂದ್ರಿ" ಅಂದಳು.
ಹಿಂದ ಹೊಳ್ಳಿ ನೋಡಿದೆ.
ಯಾವ ಆಯಿನೂ ಇದ್ದಿಲ್ಲ.
ನನಗ ನಲವತ್ಮೂರು.

ಕುಂತೆ.
ಕುಂದ್ರೋವಾಗ ಬಾಯಿಂದ ಬಿತ್ತು:
ಯವ್ವಾ...

ನೋವಿತ್ತು ಅಂತಲ್ಲ.
ಅದು ನಮ್ಮತ್ತಿ ಮಾತು,
ಪರಸಿ ಮ್ಯಾಲಿಂದ ಏಳೋವಾಗೆಲ್ಲ ಆಕಿ ಅಂತಿದ್ದಳು.
ಆಕಿ ಹೋದ ಮ್ಯಾಲ,
ಬಿಸಾಕಲಿಕ್ಕೆ ಮನಸಾಗದ ಸೀರಿ ಹಂಗ
ನಾನೇ ಉಟಗೊಂಡೆ.
ರೊಟ್ಟಿ ಬಡದು ಎದ್ರೂ ಯವ್ವಾ,
ಕೋರ್ಟಿನಾಗ ಟೈಪಿಂಗ್ ಕುರ್ಚಿ ಬಿಟ್ಟೆದ್ರೂ,
ಸುಮ್ನ ನೀರು ಕುಡದ್ರೂ.

ಜಗತ್ ಸರ್ಕಲ್ ಬಂತು.
ತುಟಿ ಬಿಗಿ ಹಿಡದು ಎದ್ದೆ.
ಆ ಹುಡುಗಿ ನೋಡ್ಲಿ ಅಂತ
ಕಡೀ ಮೆಟ್ಟಲು ಜಿಗದೇ ಇಳದೆ.

ಬಾಯಿ ಸುಮ್ನ ಇತ್ತು.
ಮೊಣಕಾಲು ಅಂತು:
ಟಕ್.