ಗೋಕುಲ ರಸ್ತೆಯಿಂದ, ತೆರೆತಿಯಾಗ

ಮೊದಲನೇ ಯಂತ್ರ ಸತ್ತದ್ದು ನಲವತ್ತೊಂದನೇ ದಿನ.
ನೀ ಕಳಿಸಿದ ಫೋಟೋದಾಗ ನಮ್ಮ ಸ್ಟೀಲಿನ ಪಟ್ಟಿ
ಕರಿದ ಹಪ್ಪಳದ್ಹಂಗ ಉಬ್ಬಿ, ಬಿರದು, ಕೆಂಪಾಗಿತ್ತು.
ದಾವಲಸಾಬ ಕನ್ನಡಕ ಹಣಿಗೇರಿಸಿ ನೋಡಿದ.
ಏನೂ ಅನಲಿಲ್ಲ. ಲೇಥ್ ಬಂದ್ ಮಾಡಿ
ಚಾ ಕುಡ್ಯಾಕ ಹೋದ.

ನಾವು ಪರೀಕ್ಷೆ ಮಾಡಿದ್ದು ಬಕೀಟಿನಾಗ.
ಗುಂಜಾಳ ಮೇಡಂ ತೂಗಿ ಕೊಟ್ಟ ಉಪ್ಪು,
ಲೀಟರಿಗೆ ಮೂವತ್ತೈದು ಗ್ರಾಂ.
ನಮ್ಮ ನಳಕ್ಕ ನೀರು ಬರೋದು ಎಂಟು ದಿನಕ್ಕೊಮ್ಮೆ;
ಅದರಾಗ ಒಂದು ಬಕೀಟು
ನಿಮ್ಮ ಸಮುದ್ರಕ್ಕಂತ ಎತ್ತಿಟ್ಟಿದ್ದೆ.
ನಮ್ಮ ಮಾತಿನಾಗ ನಿನ್ನ ಹೆಸರಿನ ಮೊದಲಿಗೇ ತೆರೆ ಐತಿ.
ಬಕೀಟಿನಾಗ ಇರಲಿಲ್ಲ.
ಏಡಿ ಇರಲಿಲ್ಲ,
ವೈರು ಹಿಡಿದು ಜೋಕಾಲಿ ಆಡೋ ಹುಡುಗರೂ ಇರಲಿಲ್ಲ.

ನೀ ಬರದಿ: ಬೋಲ್ಟು ಬ್ಯಾಡ.
ನಮ್ಮಜ್ಜ ಒಂದೂ ಮೊಳಿ ಬಡೀದ ದೋಣಿ ಕಟ್ಟತಿದ್ದ,
ತೆಂಗಿನ ನಾರಿನ ಹುರಿ ಸುತ್ತಿ.
ಎರಡು ಬೆರಳು ಸಡಲ ಬಿಡ್ರಿ,
ನೀರು ಬಂದಾಗ ಅಲಗ್ಯಾಡಲಿ.

ಹುರಿ ಕೂಡ್ರೋ ಗಾಡಿ ಕೊರೀಬೇಕಾದ್ರ ಹುರಿ ಬೇಕಲ್ಲ,
ದುರ್ಗದಬೈಲಿಗೆ ಹೋದೆ.
ಹಗ್ಗದ ಅಂಗಡಿ ದುಂಡವ್ವ ಕೇಳಿದಳು,
"ಎಮ್ಮಿಗೋ, ಬಾವಿಗೋ?"
ಸಮುದ್ರಕ್ಕ, ಅಂದೆ.
ನಕ್ಕಳು. ಎರಡು ಮೊಳ ಹೆಚ್ಚಿಗಿ ಅಳದು ಕೊಟ್ಟಳು.

ವರದಿಯೊಳಗ ಇದಕ್ಕ 'ಸ್ಥಳೀಯ ಜ್ಞಾನದ ಸಂಯೋಜನೆ' ಅಂತ ಹೆಸರು.
ನಿನ್ನ ಅಜ್ಜ ಒಂದು ಸಾಲಿನಾಗ ಬಂದಾನ, ಹೆಸರಿಲ್ಲದ.
ದುಂಡವ್ವನ ಎರಡು ಮೊಳ ಎಲ್ಲೂ ಬಂದಿಲ್ಲ.

ಈಗ ನಸುಕಿನ ಐದೂವರಿಗೆ ನಿನ್ನ ಅಂಕಿ ಬರತಾವ,
ನಿಮ್ಮಲ್ಲಿ ನಡುಮಧ್ಯಾಹ್ನ.
ಗೆಡ್ಡಿ ಬೆಳೆಯೋ ಕುಣಿ. ಚರ್ಚಿನ ಬಾವಿ.
ಹುಣ್ಣಿಮಿಗೆ ಸಾಲಿ ಹಿಂದಿನ ಬಾವಿ ಉಪ್ಪೇರತೈತಿ;
ಹಿಂದಿನ ದಿನಾನ ನೀ ಮಾಸ್ತರಗ ಹೇಳತಿ,
ಬಾವಿಗೆ ಮುಚ್ಚಳ ಬೀಳತೈತಿ,
ಮಳಿನೀರಿನ ಟಾಕಿ ಬೀಗ ತೆಗೀತಾರ.
ಇಷ್ಟೇ ಆಗೋದು ನಮ್ಮಿಂದ.
ಸಮುದ್ರಕ್ಕ ಬೀಗ ಎಲ್ಲೈತಿ?

ಸತ್ತ ಯಂತ್ರ ಮೂರು ತಿಂಗಳಿಗೆ ಪಾರ್ಸಲ್ ಆಗಿ ತಿರುಗಿ ಬಂತು.
ದಾವಲಸಾಬ ಕೆತ್ತಿ, ಒರಸಿ, ಹೊಸಾ ಹೊಟ್ಟಿ ಕೊಟ್ಟ.
ಬುಡಕ್ಕ ಅಂಟಿದ ಉಗುರಿನಷ್ಟು ಸಿಂಪಿ ಮಾತ್ರ
ಉಪ್ಪುಕಾಗದಕ್ಕೂ ಬಿಡಲಿಲ್ಲ.
ಇರಲಿ ಬಿಡು, ಅಂದ.

ಅದನ್ನ ಹೋದ ಐತವಾರ ನರಗುಂದದ ಕಡೆ,
ಅಕ್ಕನ ಊರಿಗೆ ಒಯ್ದಿದ್ದೆ.
ಕಾಲುವಿ ಬಂದ ಮ್ಯಾಲ ಸವಳೆದ್ದ ನೆಲ.
ಬಿಸಲಿಗೆ ಹೊಲದ ತುಂಬ ಬೆಳ್ಳನ್ನ ಹೊಟ್ಟು,
ಗೋದಿ ಇರೋ ಜಾಗಾದಾಗ ಜಾಲಿ.
ದುಂಡವ್ವನ ಹೆಚ್ಚಿಗಿ ಎರಡು ಮೊಳ
ಬಾವಿಗಡಗಡಿಯ ಹಗ್ಗಕ್ಕ ಬಿಗದು ಇಳಿಬಿಟ್ಟೆ.

ಅಂಕಿ ಕುಣೀತು, ಕುಣೀತು, ನಿಂತಿತು.
ನಿಮ್ಮ ಸಾಲಿ ಹಿಂದಿನ ಬಾವಿಗೂ ಇದಕ್ಕೂ
ಕೂದಲೆಳಿಯಷ್ಟು ಫರಕು.
ಅಕ್ಕ ಬಗ್ಗಿ ಸಿಂಪಿ ಮುಟ್ಟಿದಳು,
"ಇದೇನ, ಇದಕ್ಕ ಹಲ್ಲು ಬಂದಾವಲ್ಲ!"

ಅಂಕಿ ನಿನಗ ಕಳಿಸಿದೆ.
ಅಯ್ಯೋ ಅಂತೀ ಅಂದಕೊಂಡಿದ್ದೆ.
ನೀ ಬರದದ್ದು ಒಂದೇ ಸಾಲು:
ಎರಡು ಬೆರಳು ಸಡಲ ಬಿಟ್ಟೀಯೇನು?

ಬಾವ್ಯಾಗ ತೆರೆ ಇಲ್ಲ, ತೆರೆತಿಯಾ.
ಆದರೂ ಬಿಟ್ಟೀನಿ.